ಗಗನಯಾನವೂ ಯಜಮಾನಧರ್ಮವೂ

೧

೨೦೨೫ನೆಯ ಇಸವಿಯ ಜೂನ್ ೨೫ರಂದು ನಡುಹಗಲಿನ ಹೊತ್ತಿಗೆ ನಾನು ಸೇಡಂ ಊರಿನ ಒಂದು ಶಾಲೆಯಲ್ಲಿ ಹುಡುಗರ ನಡುವೆ ಕುಳಿತಿದ್ದೆನು. ಉದ್ಯೋಗದಿಂದ ನಿವೃತ್ತನಾದವನನ್ನು ಅಲ್ಲಿಯ ಉಪಾಧ್ಯಾಯರು ಹಳೆಯ ಪ್ರೀತಿಯಿಂದ ಕರೆದು ಕೂಡ್ರಿಸಿದ್ದರು. ಗೋಡೆಯ ಮೇಲಿನ ಪರದೆಯಲ್ಲಿ ಅಮೇರಿಕೆಯ ಫ್ಲಾರಿಡಾ ತೀರದಿಂದ ಒಂದು ರಾಕೆಟ್ಟು ಮೇಲೇಳುತ್ತಲಿತ್ತು. ಅದರ ತುದಿಯಲ್ಲಿ ನಮ್ಮ ವಾಯುಸೇನೆಯ ಶುಭಾಂಶು ಶುಕ್ಲಾ ಅವರೂ ಬೇರೆ ಮೂವರೂ ಇದ್ದರು. ೧೯೮೪ರಲ್ಲಿ ರಾಕೇಶ ಶರ್ಮಾ ಅವರು ಹೋಗಿ ಬಂದ ತರುವಾಯ ನಾಲ್ವತ್ತೊಂದು ವರುಷಗಳಿಗೆ ಭಾರತದ ಪ್ರಜೆಯೊಬ್ಬನು ಮತ್ತೆ ಭೂಮಿಯನ್ನು ಸುತ್ತುವ ಕಕ್ಷೆಗೆ ಹೊರಟಿದ್ದನು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಮಗ್ಗುಲಲ್ಲಿದ್ದ ಒಬ್ಬ ಬಾಲಕನು ಮಾತ್ರ ತಟ್ಟಲಿಲ್ಲ. ಅವನು ನನ್ನ ತೋಳು ಹಿಡಿದು, "ಗುರುಗಳೇ, ಅವರು ತಿರುಗಿ ಬರದೆ ಹೋದರೆ?" ಎಂದು ಕೇಳಿದನು.

ನಾನು ಕ್ಷಣಮಾತ್ರವೂ ತಡೆಯದೆ, "ಬಂದೇ ಬರುತ್ತಾರಪ್ಪಾ" ಎಂದುಬಿಟ್ಟೆನು.

ಜುಲೈ ೧೫ರಂದು ಶುಕ್ಲಾ ಅವರು ಸಂಗಡಿಗರೊಡನೆ ಸುಖವಾಗಿ ಪ್ರಶಾಂತಸಾಗರಕ್ಕೆ ಇಳಿದರು. ನನ್ನ ಮಾತು ನಿಜವಾಯಿತು. ಆದರೆ ನಾನು ನಿಜವನ್ನು ನುಡಿದಿರಲಿಲ್ಲ. ನನಗೆ ತಿಳಿಯದುದನ್ನು ತಿಳಿದವನಂತೆ ಹೇಳಿದ್ದೆನು. ಮಕ್ಕಳೆದುರಿಗೆ ಸತ್ಯವನ್ನೇ ಬೋಧಿಸಬೇಕೆಂದು ಆಯುಷ್ಯದ ಬಹುಭಾಗವನ್ನು ಕಳೆದವನಿಗೆ ಇದು ಚಿಕ್ಕ ಅಪರಾಧವೆಂದು ತೋರಲಿಲ್ಲ. ಅಂದಿನಿಂದ ಆ ಪ್ರಶ್ನೆಯು ನನ್ನನ್ನು ಬಿಟ್ಟಿಲ್ಲ.

ಅದು ಬರಿಯ ಬಾಲಭಾಷಿತವೂ ಅಲ್ಲ. ನಮ್ಮ ದೇಶವು ತನ್ನದೇ ನೌಕೆಯಲ್ಲಿ ತನ್ನದೇ ನೆಲದಿಂದ ಮನುಷ್ಯರನ್ನು ಅಂತರಿಕ್ಷಕ್ಕೆ ಕಳುಹಿಸಲು ಉದ್ಯುಕ್ತವಾಗಿರುವದು. ಅದಕ್ಕೆಂದೇ ೨೦೧೯ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮಾನವ ಅಂತರಿಕ್ಷಯಾನ ಕೇಂದ್ರವು ಸ್ಥಾಪಿತವಾಯಿತು. ಆಯ್ಕೆಯಾದ ನಾಲ್ವರು ವಾಯುಸೇನಾಧಿಕಾರಿಗಳು ರಶಿಯದಲ್ಲಿಯೂ ಬೆಂಗಳೂರಿನಲ್ಲಿಯೂ ಶಿಕ್ಷಣ ಹೊಂದಿದರು. ಪರರ ನೌಕೆಯಲ್ಲಿ ನಮ್ಮವನೊಬ್ಬನು ಹೋದಾಗ ಹೊಣೆಯ ಬಹುಭಾರವು ಪರರದು. ನಮ್ಮ ನೌಕೆಯಲ್ಲಿ ಹೋಗುವಾಗ ಅದು ನಮ್ಮದು. ಆದಕಾರಣ ಪ್ರಶ್ನೆಯನ್ನು ಹೀಗೆ ಇಡಬಹುದು: ಒಂದು ಜನಾಂಗವು ತನ್ನ ಹೆಸರಿನಲ್ಲಿ ಒಬ್ಬ ಮನುಷ್ಯನನ್ನು ಪ್ರಾಣಸಂಶಯಕ್ಕೆ ಕಳುಹಿಸುವದು ಯಾವಾಗ ಧರ್ಮ್ಯವಾಗುವದು?

೨

ಮೊದಲು ಅಪಾಯದ ಸ್ವರೂಪವನ್ನು ಕಣ್ಣು ತೆರೆದು ನೋಡತಕ್ಕದ್ದು. ೧೯೬೭ರ ಏಪ್ರಿಲಿನಲ್ಲಿ ರಶಿಯದ ವ್ಲಾದಿಮೀರ ಕೊಮರೋವರು ಇಳಿಯುವಾಗ ಛತ್ರಿಯು ಬಿಚ್ಚದೆ ನೆಲಕ್ಕಪ್ಪಳಿಸಿ ಮಡಿದರು. ೧೯೭೧ರಲ್ಲಿ ಅದೇ ದೇಶದ ಮೂವರು, ನೌಕೆಯೊಳಗಿನ ಗಾಳಿಯು ಸೋರಿಹೋದುದರಿಂದ, ಕುಳಿತಲ್ಲಿಯೇ ಅಸು ನೀಗಿದರು. ೧೯೮೬ರ ಜನವರಿ ೨೮ರಂದು ಅಮೇರಿಕೆಯ ಚಾಲೆಂಜರ್ ಎಂಬ ನೌಕೆಯು ಏರಿದ ೭೩ನೆಯ ಸೆಕಂದಿಗೆ ಛಿದ್ರವಾಗಿ ಏಳು ಜನರು ಹತರಾದರು. ೨೦೦೩ರ ಫೆಬ್ರುವರಿ ೧ರಂದು ಕೊಲಂಬಿಯಾ ನೌಕೆಯು ನೆಲವನ್ನು ಸೇರಲು ಕಾಲುಗಂಟೆ ಉಳಿದಿರುವಾಗ ಆಕಾಶದಲ್ಲಿಯೇ ಒಡೆದು ಮತ್ತೆ ಏಳು ಜನರನ್ನು ಆಹುತಿ ತೆಗೆದುಕೊಂಡಿತು. ಅವರಲ್ಲಿ ನಮ್ಮ ದೇಶದ ಕರ್ನಾಲದಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಅವರೂ ಒಬ್ಬರು.

ಚಾಲೆಂಜರ್ ಮತ್ತು ಕೊಲಂಬಿಯಾಗಳ ಕುಲಕ್ಕೆ ಸೇರಿದ ನೌಕೆಗಳು ಒಟ್ಟು ೧೩೫ ಸಾರೆ ಹೋದವು. ಎರಡು ಸಾರೆ ತಿರುಗಿ ಬರಲಿಲ್ಲ. ಎಂದರೆ ೬೭ಕ್ಕೆ ಒಂದರಂತೆ ನಾಶ. ನಮ್ಮ ವಾಡಿ ಜಂಕ್ಷನ್ನಿನಿಂದ ಹೊರಡುವ ಅರವತ್ತೇಳು ಗಾಡಿಗಳಲ್ಲಿ ಒಂದು ಮುಟ್ಟಬೇಕಾದ ಊರನ್ನು ಮುಟ್ಟದೆ ಹೋಗುವದೆಂದು ನಿಶ್ಚಯವಾಗಿದ್ದರೆ ಸೊಲ್ಲಾಪುರದ ಲಗ್ನಕ್ಕೆ ಯಾರು ಟಿಕೀಟು ಕೊಳ್ಳುತ್ತಿದ್ದರು? ಗಗನಯಾತ್ರಿಯು ಇಂಥ ಗಾಡಿಯನ್ನು ತಿಳಿದು ತಿಳಿದೂ ಏರುವವನು.

೩

ಇನ್ನು ಲಾಭದ ಮಾತು. ಅಪಾಯಕ್ಕೂ ಲಾಭಕ್ಕೂ ಇರುವ ಸಂಬಂಧವನ್ನು ತೂಗಿ ನೋಡಿದವರು ನಮ್ಮ ಸೀಮೆಯಲ್ಲಿಯೇ ಒಬ್ಬರು ಆಗಿಹೋಗಿರುವರು. ಶಹಾಬಾದದ ಹತ್ತಿರದ ಮರತೂರಿನೊಡನೆ ಹೆಸರು ಕೂಡಿರುವ ವಿಜ್ಞಾನೇಶ್ವರರು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದರು. ಅದು ದಾಯಭಾಗಕ್ಕಾಗಿ ನ್ಯಾಯಾಲಯಗಳಲ್ಲಿ ಪ್ರಸಿದ್ಧವಾಯಿತು. ಆದರೆ ಅದರ ಋಣಾದಾನ ಪ್ರಕರಣವೂ ಓದತಕ್ಕದ್ದು. ಅಡವಿಟ್ಟು ತೆಗೆದ ಸಾಲಕ್ಕೆ ತಿಂಗಳಿಗೆ ಮೂಲಧನದ ಎಂಬತ್ತರಲ್ಲಿ ಒಂದು ಪಾಲು ಬಡ್ಡಿ. ಕಾಡು ಹಾದು ವ್ಯಾಪಾರಕ್ಕೆ ಹೋಗುವವರಾದರೆ ನೂರಕ್ಕೆ ಹತ್ತು. ಸಮುದ್ರವನ್ನು ದಾಟುವವರಾದರೆ ನೂರಕ್ಕೆ ಇಪ್ಪತ್ತು. ಕಾರಣವೇನೆಂದರೆ, ಹೋದವನು ಬಾರದಿದ್ದರೆ ಮೂಲಧನವೇ ಮುಳುಗುವದು. ಅಪಾಯವು ಹೆಚ್ಚಿದಂತೆ ಪ್ರತಿಫಲವೂ ಹೆಚ್ಚತಕ್ಕದ್ದೆಂಬ ನ್ಯಾಯವು ಇಲ್ಲಿ ಸ್ಪಷ್ಟವಾಗಿರುವದು.

ಆದರೆ ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನೂರಕ್ಕೆ ಇಪ್ಪತ್ತು ಸಲ್ಲುವದು ಧನಿಕನ ಹಣದ ಅಪಾಯಕ್ಕೆ; ಹಡಗಿನಲ್ಲಿ ಕುಳಿತವನ ಪ್ರಾಣಕ್ಕಲ್ಲ. ಹಣದ ಸಂಶಯಕ್ಕೆ ಸ್ಮೃತಿಕಾರರು ಬೆಲೆ ಕಟ್ಟಿದರು. ಪ್ರಾಣದ ಸಂಶಯಕ್ಕೆ ಬಡ್ಡಿಯ ದರವನ್ನು ಹೇಳಲಿಲ್ಲ. ಗಗನಯಾನದ ಲಾಭನಷ್ಟಗಳನ್ನು ಕೋಟಿ ರೂಪಾಯಿಗಳಲ್ಲಿ ಕೂಡಿ ಕಳೆದು, ಇಷ್ಟು ಲಾಭ ಬರುವದಾದ್ದರಿಂದ ಇಬ್ಬರು ಮೂವರು ಸತ್ತರೂ ಚಿಂತೆಯಿಲ್ಲ ಎನ್ನುವದು ಈ ಕಾರಣದಿಂದ ನಿಲ್ಲದ ಮಾತು.

ಅದಿರಲಿ, ಹೇಳಲ್ಪಡುವ ಲಾಭಗಳಾದರೂ ಯಾವವು? ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ನಮ್ಮ ಜಿಲ್ಲೆಯು ತೊಗರಿಯ ಕಣಜ. ಮಳೆಯ ಮುನ್ಸೂಚನೆಯಲ್ಲಿ ಉಪಗ್ರಹಗಳ ನೆರವು ಎಷ್ಟೆಂಬದನ್ನು ಇಲ್ಲಿಯ ಒಕ್ಕಲಿಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಉಪಗ್ರಹಗಳಲ್ಲಿ ಮನುಷ್ಯರು ಕುಳಿತಿರುವದಿಲ್ಲ. ೨೦೨೩ರ ಆಗಸ್ಟ್ ೨೩ರಂದು ಚಂದ್ರನ ದಕ್ಷಿಣಧ್ರುವದ ಸಮೀಪಕ್ಕೆ ಇಳಿದ ವಿಕ್ರಮ ನೌಕೆಯಲ್ಲಿಯೂ ಯಾರೂ ಇರಲಿಲ್ಲ. ೨೦೧೯ರಲ್ಲಿ ಅದರ ಹಿಂದಿನ ನೌಕೆಯು ಅಪ್ಪಳಿಸಿದಾಗ ನಾವು ದುಃಖಿಸಿದೆವು. ಆದರೆ ಯಾವ ಮನೆಯಲ್ಲಿಯೂ ಸೂತಕವಾಗಲಿಲ್ಲ. ಉಪಗ್ರಹಗಳ ಉಪಕಾರವನ್ನು ಮಾನವಯಾನದ ಖಾತೆಗೆ ಜಮೆ ಮಾಡುವದು ಸರಿಯಾದ ಲೆಕ್ಕವಲ್ಲ.

ಮನುಷ್ಯನೇ ಹೋಗುವದರಿಂದ ಬರುವ ಫಲವೂ ಇಲ್ಲದಿಲ್ಲ. ಶುಕ್ಲಾ ಅವರು ಧಾರವಾಡದ ಕೃಷಿವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ಹೆಸರು ಮತ್ತು ಮೆಂತೆಯ ಕಾಳುಗಳನ್ನು ತೂಕವಿಲ್ಲದ ಆ ಠಾವಿನಲ್ಲಿ ಮೊಳೆಯಿಸಿ ನೋಡಿದರು. ಮನುಷ್ಯನ ಎಲುಬು, ಸ್ನಾಯು, ರಕ್ತಸಂಚಾರಗಳು ಅಲ್ಲಿ ಹೇಗೆ ಮಾರ್ಪಡುವವೆಂಬದನ್ನು ಮನುಷ್ಯನ ಶರೀರದಲ್ಲಿಯೇ ಅರಿಯಬೇಕು. ಅನಿರೀಕ್ಷಿತವು ಎದುರಾದಾಗ ಯಂತ್ರವು ನಿಂತುಬಿಡುವಲ್ಲಿ ಮನುಷ್ಯನ ವಿವೇಕವು ದಾರಿ ಕಾಣಬಲ್ಲದು. ಇವೆಲ್ಲ ಸಣ್ಣವಲ್ಲ. ಆದರೂ ಇಷ್ಟಕ್ಕಾಗಿಯೇ ಇಷ್ಟು ದೊಡ್ಡ ಸಾಹಸವೇ ಎಂದು ಕೇಳುವವನಿಗೆ ಇವು ಸಾಲವು.

ಮೀಮಾಂಸಾಶಾಸ್ತ್ರದಲ್ಲಿ ವಿಶ್ವಜಿನ್ನ್ಯಾಯವೆಂಬದೊಂದುಂಟು. ವಿಶ್ವಜಿತ್ ಯಾಗವನ್ನು ಮಾಡತಕ್ಕದ್ದೆಂದು ವಿಧಿಯಿದೆ, ಫಲವೇನೆಂದು ಹೇಳಿಲ್ಲ. ಫಲವಿಲ್ಲದೆ ಯಾರೂ ಪ್ರವರ್ತಿಸರಾದ್ದರಿಂದ, ಎಲ್ಲರಿಗೂ ಬೇಕಾದ ಸ್ವರ್ಗವನ್ನೇ ಫಲವೆಂದು ಊಹಿಸತಕ್ಕದ್ದೆಂದು ಶಾಸ್ತ್ರಕಾರರ ನಿರ್ಣಯ. ನಮ್ಮ ಪತ್ರಿಕೆಗಳವರೂ ಭಾಷಣಕಾರರೂ ಗಗನಯಾನಕ್ಕೆ ಈ ನ್ಯಾಯವನ್ನೇ ಅನ್ವಯಿಸಿದಂತೆ ತೋರುವದು. ಫಲವು ಸ್ಪಷ್ಟವಾಗಿ ಕಾಣದಿದ್ದಲ್ಲಿ ಉದ್ಯೋಗ, ಔಷಧ, ಐಶ್ವರ್ಯ, ಕೀರ್ತಿ ಎಂದು ಸ್ವರ್ಗವನ್ನೇ ಕಲ್ಪಿಸಿ ಹೇಳುವರು. ನನಗೆ ತೋರುವದಾದರೆ ನಿಜವಾದ ಫಲವು ಸರಳವಾದದ್ದು: ಮನುಷ್ಯನು ತಾನು ಕಾಣದುದನ್ನು ತನ್ನ ಕಣ್ಣಿನಿಂದ ಕಾಣಬಯಸುವನು. ಈ ಜಿಜ್ಞಾಸೆಯು ನಾಚಿಕೆಪಡತಕ್ಕದ್ದಲ್ಲ. ಅದನ್ನು ತೊಗರಿಯ ಮಳೆಯ ಹಿಂದೆ ಅಡಗಿಸದೆ ಬಾಯಿಬಿಟ್ಟು ಹೇಳುವದೇ ಲೇಸು.

೪

ಇಲ್ಲಿ ಒಂದು ಆಕ್ಷೇಪವು ಏಳುವದು. ಬೇಸಿಗೆಯಲ್ಲಿ ಕೊಡದ ಸಾಲು ಕಾಣುವ ಊರುಗಳಿರುವ ನಾಡಿನಲ್ಲಿ, ಕಣ್ಣಿನ ಬಯಕೆಗಾಗಿ ಹಣವನ್ನು ಆಕಾಶಕ್ಕೆ ತೂರುವದು ಧರ್ಮವೇ? ಆಕ್ಷೇಪವು ಗೌರವಾರ್ಹವಾದುದು. ೨೦೧೮ರಲ್ಲಿ ಈ ಯೋಜನೆಗೆ ೯,೦೨೩ ಕೋಟಿ ರೂಪಾಯಿ ಮಂಜೂರಾಯಿತು. ೨೦೨೪ರ ಸಪ್ಟಂಬರದಲ್ಲಿ, ಮುಂದೆ ಕಟ್ಟಲಿರುವ ಅಂತರಿಕ್ಷನಿಲಯದ ಮೊದಲ ಭಾಗವನ್ನೂ ಸೇರಿಸಿ, ಅದು ೨೦,೧೯೩ ಕೋಟಿಗೆ ಏರಿತು. ಕೇಂದ್ರಸರಕಾರದ ೨೦೨೫-೨೬ರ ಒಂದೇ ವರುಷದ ಆಯವ್ಯಯವು ೫೦ ಲಕ್ಷ ಕೋಟಿಗೆ ಮಿಕ್ಕಿದ್ದು. ಅದರೊಡನೆ ಹೋಲಿಸಿದರೆ ಹಲವು ವರುಷಗಳಲ್ಲಿ ವೆಚ್ಚವಾಗುವ ಈ ಮೊತ್ತವೆಲ್ಲ ನೂರು ರೂಪಾಯಿಗೆ ನಾಲ್ವತ್ತು ಪೈಸೆ. ಇದನ್ನು ಉಳಿಸಿದ ಮಾತ್ರಕ್ಕೆ ಊರೂರಿಗೆ ನೀರು ಹರಿಯುವದೆಂಬ ಭರವಸೆಯಿಲ್ಲ. ಆದರೆ ಮೊತ್ತವು ಚಿಕ್ಕದೆಂಬದು ಉತ್ತರವಲ್ಲ. ಅಪವ್ಯಯವು ಚಿಕ್ಕದಾದರೂ ಅಪವ್ಯಯವೇ.

ಸರಿಯಾದ ಉತ್ತರವನ್ನು ನಾನು ಚಿತ್ತಾಪುರದ ಬದಿಯ ನಾಗಾವಿಯಲ್ಲಿ ಕಾಣುವೆನು. ಕ್ರಿ. ಶ. ೧೦೫೮ರ ಶಾಸನವು ಅಲ್ಲಿಯ ಘಟಿಕಾಸ್ಥಾನದ ವ್ಯವಸ್ಥೆಯನ್ನು ಹೇಳುವದು. ಚಾಲುಕ್ಯ ತ್ರೈಲೋಕ್ಯಮಲ್ಲನ ಅಧಿಕಾರಿಯಾದ ಮಧುಸೂದನನು ವೇದಶಾಸ್ತ್ರಗಳನ್ನು ಓದುವ ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ ಅಶನವಸನಗಳನ್ನೂ, ಉಪಾಧ್ಯಾಯರಿಗೆ ವೃತ್ತಿಯನ್ನೂ ಕಲ್ಪಿಸಿದನು. ಗ್ರಂಥಗಳನ್ನು ಕಾಯಲು ಆರು ಜನ ಸರಸ್ವತೀ ಭಂಡಾರಿಗಳೂ ಇದ್ದರು. ಆ ಕಾಲದಲ್ಲಿ ಈ ಸೀಮೆಯಲ್ಲಿ ಬಡವರಿರಲಿಲ್ಲವೇ? ಬರಗಾಲ ಬರಲಿಲ್ಲವೇ? ಆದರೂ ಹೊಲಗದ್ದೆಗಳ ಉತ್ಪನ್ನದ ಒಂದು ಪಾಲನ್ನು, ನಾಳೆಗೆ ಧಾನ್ಯವನ್ನು ತಂದುಕೊಡದ ವಿದ್ಯೆಗಾಗಿ ಎತ್ತಿಟ್ಟರು. ಉಂಡುಟ್ಟ ಮೇಲೆ ಉಳಿದುದರಲ್ಲಿ ಮಾತ್ರ ವಿದ್ಯೆ ಎಂದಿದ್ದರೆ ಯಾವ ನಾಡಿನಲ್ಲಿಯೂ ವಿದ್ಯೆಯು ಹುಟ್ಟುತ್ತಿರಲಿಲ್ಲ. ಅನ್ನವೂ ಅರಿವೂ ಜೊತೆಯಾಗಿಯೇ ಬೇಡತಕ್ಕವು. ಒಂದರ ಹೆಸರಿನಿಂದ ಇನ್ನೊಂದನ್ನು ತಳ್ಳಲಾಗದು.

ಹಣದ ಪ್ರಶ್ನೆಗೆ ಇಷ್ಟು ಸಾಕು. ಪ್ರಾಣದ ಪ್ರಶ್ನೆಯು ಹಾಗೆಯೇ ಉಳಿಯಿತು. ನಾಗಾವಿಯಲ್ಲಿ ಓದಲು ಹೋದವನ ತಾಯಿಗೆ, ಮಗನು ಸುಟ್ಟು ಬೂದಿಯಾದಾನೆಂಬ ಭಯವಿರಲಿಲ್ಲ.

೫

ಯಾಗದಲ್ಲಿ ಕರ್ಮವನ್ನು ನಡೆಸುವವರು ಋತ್ವಿಜರು. ಫಲವು ಸಲ್ಲುವದು ಯಜಮಾನನಿಗೆ. ಋತ್ವಿಜರು ಬೆಂಕಿಯ ಮುಂದೆ ಬೆವರುವಾಗ ಯಜಮಾನನು ಸಂತೆಗೆ ಹೋಗಿ ಕುಳಿತುಕೊಳ್ಳುವಂತಿಲ್ಲ. ಅವನು ದೀಕ್ಷೆ ವಹಿಸಬೇಕು, ನಿಯಮದಿಂದಿರಬೇಕು, ಮೊದಲಿಗೆ ಸಂಕಲ್ಪವನ್ನು ಮಾಡಬೇಕು. ಸಂಕಲ್ಪವೆಂದರೆ ಉತ್ಸಾಹವಲ್ಲ. ಯಾವ ದೇಶದಲ್ಲಿ, ಯಾವ ಕಾಲದಲ್ಲಿ, ಯಾರು, ಯಾವದಕ್ಕಾಗಿ ಈ ಕರ್ಮವನ್ನು ಮಾಡುವರೆಂಬದನ್ನು ಬಾಯಿಂದ ಉಚ್ಚರಿಸಿ ನೀರು ಬಿಡುವದು ಸಂಕಲ್ಪ. ಗಗನಯಾನದಲ್ಲಿ ವಿಜ್ಞಾನಿಗಳೂ ಯಾತ್ರಿಕರೂ ಋತ್ವಿಜರು. ಯಜಮಾನರು ನಾವು, ಈ ದೇಶದ ಪ್ರಜೆಗಳು. ಪ್ರಜೆಗಳ ಇಚ್ಛೆಯೆಂಬದು ರಾಕೆಟ್ಟು ಏರುವಾಗಿನ ಚಪ್ಪಾಳೆಯಾದರೆ ಅದು ಸಂತೆಯಲ್ಲಿ ಕುಳಿತ ಯಜಮಾನನ ಲಕ್ಷಣ. ಅಮೇರಿಕೆಯಲ್ಲಿ ೧೯೬೯ರ ಜುಲೈಯಲ್ಲಿ ಮನುಷ್ಯರು ಚಂದ್ರನನ್ನು ಮೆಟ್ಟಿದಾಗ ಲೋಕವೇ ಕುಣಿಯಿತು. ೧೯೭೨ರ ಡಿಸೆಂಬರಿನಲ್ಲಿ ಕಡೆಯ ಇಬ್ಬರು ಅಲ್ಲಿಂದ ಮರಳಿದರು. ಉಳಿದ ಯಾತ್ರೆಗಳು ಅದಕ್ಕೂ ಮುಂಚೆಯೇ ರದ್ದಾಗಿದ್ದವು. ಪ್ರತಿಸ್ಪರ್ಧಿಯನ್ನು ಸೋಲಿಸುವ ಹಟದಿಂದ ಹುಟ್ಟಿದ ಇಚ್ಛೆಯು, ಗೆದ್ದ ಮಾರನೆಯ ದಿನದಿಂದಲೇ ಸವೆಯತೊಡಗಿತು.

ನಿಜವಾದ ಯಜಮಾನನಿಗೆ ಮೂರು ವ್ರತಗಳು ಬೇಕೆಂದು ನನಗೆ ತೋರುವದು.

ಮೊದಲನೆಯದು, ಅಪಾಯವನ್ನು ಯಥಾರ್ಥವಾಗಿ ತಿಳಿಯುವದು. ಚಾಲೆಂಜರಿನಲ್ಲಿ ಹೋದವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬವರು ಶಾಲೆಯ ಉಪಾಧ್ಯಾಯಿನಿ. ಅವರು ಅಂತರಿಕ್ಷದಿಂದ ಪಾಠ ಹೇಳುವವರಿದ್ದುದರಿಂದ ಆ ದೇಶದ ಶಾಲೆಗಳಲ್ಲಿ ಅಸಂಖ್ಯ ಮಕ್ಕಳು ಪರದೆಯ ಮುಂದೆ ಕುಳಿತು ಆ ನೌಕೆಯನ್ನು ನೋಡುತ್ತಿದ್ದರು. ಅದರ ಹಿಂದಿನ ರಾತ್ರಿ, ಚಳಿಯು ಅತಿಯಾಗಿರುವದರಿಂದ ಸಂದುಗಳನ್ನು ಮುಚ್ಚುವ ರಬ್ಬರಿನ ಬಳೆಗಳು ಸೆಡೆತು ಹೋದಾವು, ಈಗ ಹಾರಿಸಬಾರದು ಎಂದು ಇಂಜಿನಿಯರರು ಹೇಳಿದ್ದರು, ಮೇಲಿನವರು ಕೇಳಲಿಲ್ಲ. ಅನಂತರದ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್ಮನ್ ಅವರು ಒಂದು ಸಂಗತಿಯನ್ನು ಬಯಲಿಗೆ ತಂದರು. ಕೈಯಿಂದ ಕೆಲಸ ಮಾಡುವವರು ನೂರಕ್ಕೆ ಒಂದು ಸಾರೆ ಅನಾಹುತವಾಗಬಹುದೆನ್ನುತ್ತಿದ್ದರೆ, ಆಡಳಿತದವರು ಲಕ್ಷಕ್ಕೆ ಒಂದು ಸಾರೆ ಎನ್ನುತ್ತಿದ್ದರು. ಆ ಲಕ್ಷಕ್ಕೆ ಒಂದೆಂಬ ಮಾತೂ, ನಾನು ಸೇಡಂ ಶಾಲೆಯಲ್ಲಿ ಆಡಿದ ಮಾತೂ ಒಂದೇ ಕುಲದವು. ಎದುರಿಗಿದ್ದವನು ಅಂಜದಿರಲೆಂದು, ಇಲ್ಲವೆ ನಮ್ಮ ಕಾರ್ಯವು ನಿಲ್ಲದಿರಲೆಂದು, ತಿಳಿಯದುದನ್ನು ತಿಳಿದಂತೆ ಹೇಳುವದು. ನಾನು ಹೇಳಿದುದರಿಂದ ಯಾರೂ ಸಾಯಲಿಲ್ಲ. ಅದು ನನ್ನ ಪುಣ್ಯ.

ಎರಡನೆಯದು, ತಡವನ್ನು ಸಹಿಸುವದು. ೨೦೧೮ರ ಸ್ವಾತಂತ್ರ್ಯದಿನದಂದು ಕೆಂಪುಕೋಟೆಯಿಂದ ಪ್ರಧಾನಮಂತ್ರಿಗಳು ೨೦೨೨ರೊಳಗಾಗಿ ಭಾರತೀಯರು ಅಂತರಿಕ್ಷಕ್ಕೆ ಹೋಗುವರೆಂದು ಸಾರಿದರು. ಆ ವರುಷವು ಬಂದು ಹೋಯಿತು, ಯಾರೂ ಹೋಗಲಿಲ್ಲ. ನಗುವವರು ನಕ್ಕರು. ೨೦೨೩ರ ಅಕ್ಟೋಬರ್ ೨೧ರಂದು ಶ್ರೀಹರಿಕೋಟೆಯಲ್ಲಿ, ಆಪತ್ತಿನಲ್ಲಿ ಯಾತ್ರಿಕರನ್ನು ರಾಕೆಟ್ಟಿನಿಂದ ಬೇರ್ಪಡಿಸಿ ದೂರ ಒಯ್ಯುವ ಸಾಧನವನ್ನು ಮನುಷ್ಯರಿಲ್ಲದೆ ಪರೀಕ್ಷಿಸುವದಿತ್ತು. ಹೊರಡಲು ಐದೇ ಸೆಕಂದು ಇರುವಾಗ ಗಣಕಯಂತ್ರವು ತಾನಾಗಿ ತಡೆಯಿತು. ದೋಷವನ್ನು ಕಂಡು ಸರಿಪಡಿಸಿ ಹತ್ತು ಗಂಟೆಗೆ ಬಿಟ್ಟರು. ಪೆಟ್ಟಿಗೆಯು ಛತ್ರಿಗಳ ಆಧಾರದಿಂದ ಬಂಗಾಲ ಉಪಸಾಗರಕ್ಕೆ ಇಳಿಯಿತು. ಶುಕ್ಲಾ ಅವರ ಪ್ರಯಾಣವೂ ೨೦೨೫ರ ಜೂನಿನಲ್ಲಿ ಪ್ರಾಣವಾಯುವಿನ ಸೋರಿಕೆಯು ಕಂಡುಬಂದು ಮುಂದೆ ಹೋಗಿತ್ತು. ನಿಲ್ಲಿಸಲು ಧೈರ್ಯವಿಲ್ಲದವನ ಕೈಯಲ್ಲಿ ಹಾರಿಸುವ ಅಧಿಕಾರವಿರಬಾರದು. ಆ ಧೈರ್ಯವನ್ನು ಅವನಿಗೆ ಕೊಡತಕ್ಕವರು ಯಜಮಾನರಾದ ನಾವು. ತಡವಾಯಿತೆಂದು ನಾವು ಹೀಯಾಳಿಸಿದಷ್ಟೂ ಅವನ ಕೈ ಅವಸರಪಡುವದು.

ಮೂರನೆಯದು ಪ್ರಾಯಶ್ಚಿತ್ತ. ಯಾಗದಲ್ಲಿ ಲೋಪವಾದರೆ ಶಾಸ್ತ್ರವು ಅದನ್ನು ಮುಚ್ಚಿಡೆನ್ನುವದಿಲ್ಲ; ಕರ್ಮವನ್ನೇ ಬಿಟ್ಟು ಏಳೆಂದೂ ಹೇಳುವದಿಲ್ಲ. ಲೋಪವನ್ನು ಒಪ್ಪಿಕೊಂಡು ಪ್ರಾಯಶ್ಚಿತ್ತವನ್ನು ಮಾಡಿ ಮುಂದುವರಿಯೆನ್ನುವದು. ಚಾಲೆಂಜರಿನ ತರುವಾಯ ಎರಡೂವರೆ ವರುಷಗಳ ಮೇಲೆ, ೧೯೮೮ರ ಸಪ್ಟಂಬರಿನವರೆಗೆ, ಆ ನೌಕೆಗಳು ನಿಂತು ತಿದ್ದುಪಡಿಯಾದವು. ಆದರೂ ಪಾಠವು ಪೂರ್ತಿ ಹತ್ತಲಿಲ್ಲ. ಕೊಲಂಬಿಯಾದ ರೆಕ್ಕೆಗೆ ಏರುವಾಗಲೇ ಪೆಟ್ಟು ಬಿದ್ದುದನ್ನು ಕಂಡ ಇಂಜಿನಿಯರರು ಕಕ್ಷೆಯಲ್ಲಿಯೇ ಅದರ ಚಿತ್ರ ಬೇಕೆಂದು ಬೇಡಿದರು, ಅದು ದೊರೆಯಲಿಲ್ಲ. ವಿಚಾರಣಾಮಂಡಲಿಯು ರೆಕ್ಕೆಗೆ ಬಡಿದ ನೊರೆಯ ತುಂಡಿನಷ್ಟೇ ಆ ಸಂಸ್ಥೆಯ ನಡೆವಳಿಯೂ ಕಾರಣವೆಂದು ಹೇಳಿತು. ಮನಸ್ಸು ತಿದ್ದದೆ ಯಂತ್ರವನ್ನು ಮಾತ್ರ ತಿದ್ದಿದರೆ ಅದು ಪ್ರಾಯಶ್ಚಿತ್ತವಲ್ಲ.

ಇನ್ನೊಂದು ಮಾತು. ಎಲ್ಲ ಯಾಗಗಳಲ್ಲಿಯೂ ಋತ್ವಿಜರು ದಕ್ಷಿಣೆಗೆ ಬಂದವರಲ್ಲ. ಸತ್ರವೆಂಬ ದೀರ್ಘಯಾಗದಲ್ಲಿ ಋತ್ವಿಜರೆಲ್ಲರೂ ತಾವೇ ಯಜಮಾನರು. ಅಲ್ಲಿ ದಕ್ಷಿಣೆಯಿಲ್ಲ, ಫಲವು ಎಲ್ಲರದು. ಗಗನಯಾತ್ರಿಯನ್ನು ನಾನು ಹೀಗೆ ಎಣಿಸುವೆನು. ಅವನು ನಾವು ಬೆಲೆ ಕೊಟ್ಟು ತಂದವನಲ್ಲ. ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದೂ ಬರುವೆನೆಂದವನು. ಈ ಸ್ವಾತಂತ್ರ್ಯವಿರುವದರಿಂದಲೇ ಅವನ ಸಾಹಸವು ಬಲಿಯಾಗದೆ ವ್ರತವಾಗುವದು.

೬

ಇಷ್ಟನ್ನು ಬರೆದು ನಿಲ್ಲಿಸಬಹುದಿತ್ತು. ಆದರೆ ಕುಳಿತ ನೆಲವನ್ನು ನೋಡಿದಾಗ ಮಾತು ಮುಗಿಯುವದಿಲ್ಲ. ಈ ನೆಲವು ಶಹಾಬಾದದ ಕಲ್ಲು. ನಮ್ಮ ಸೀಮೆಯ ಫರಸಿಯೂ ಸಿಮೆಂಟಿನ ಸುಣ್ಣಗಲ್ಲೂ ದೇಶದ ಎಷ್ಟೋ ಮನೆಗಳನ್ನು ಕಟ್ಟಿವೆ. ಅವನ್ನು ತೆಗೆಯುವವನು ಬಿಸಿಲಲ್ಲಿ ಖಣಿಗೆ ಇಳಿಯುವನು. ಕಲ್ಲು ಜಾರಿದರೆ ಕೈಕಾಲು ಹೋಗುವದು. ಧೂಳು ವರುಷಗಟ್ಟಲೆ ಎದೆಯನ್ನು ಸೇರುವದು. ಅವನು ಹೊರಡುವಾಗ ಯಾರೂ ಕ್ಷಣಗಳನ್ನು ಎಣಿಸುವದಿಲ್ಲ. ಸಂಜೆಗೆ ಬಂದನೆಂದು ಯಾರೂ ಚಪ್ಪಾಳೆ ತಟ್ಟುವದಿಲ್ಲ. ಅವನ ಹೆಂಡತಿ ಮಕ್ಕಳು ಮಾತ್ರ ದಾರಿ ಕಾಯುವರು. ಅವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವೂ ಇಲ್ಲ. ಹಸಿವು ಅವನ ಪರವಾಗಿ ಒಪ್ಪಿಗೆ ಕೊಟ್ಟಿರುವದು. ಅವನ ಅಪಾಯದ ಫಲವನ್ನು ಉಣ್ಣುವವರು ನಾವು. ಹಾಗಾದರೆ ಅವನ ಯಜಮಾನರೂ ನಾವೇ.

ಆಕಾಶಕ್ಕೆ ಹೋಗುವ ಮೂವರಿಗಾಗಿ ಐದು ಸೆಕಂದು ಮುಂಚೆ ನಿಲ್ಲಿಸುವ ಎಚ್ಚರವನ್ನು ಕಲಿತ ದೇಶವು, ಖಣಿಗೆ ಇಳಿಯುವ ಸಾವಿರಾರು ಜನರಿಗಾಗಿ ಅದೇ ಎಚ್ಚರವನ್ನು ಕಲಿಯತಕ್ಕದ್ದು. ಇದರಿಂದ ಗಗನಯಾನವು ಬೇಡವೆಂದು ನಾನು ಹೇಳುವದಿಲ್ಲ. ಒಂದು ಜೀವದ ಅಪಾಯವನ್ನು ಬಹಿರಂಗವಾಗಿ ಎಣಿಸುವ ರೂಢಿಯು ಮೇಲೆ ಕಲಿತರೆ ಕೆಳಗೂ ಬರುವದೆಂದು ನನ್ನ ಆಶೆ. ಬಾರದಿದ್ದರೆ ಮೇಲೆ ಕಲಿತುದೂ ನಿಜವಾದ ಕಲಿಕೆಯಲ್ಲ.

ಆ ಬಾಲಕನಿಗೆ ನನ್ನ ಋಣವು ಉಳಿದಿರುವದು. ನಮ್ಮ ನೌಕೆಯು ಶ್ರೀಹರಿಕೋಟೆಯಿಂದ ಹೊರಡುವ ದಿವಸ ನಾನು ಬದುಕಿದ್ದು, ಅವನು ಮತ್ತೆ ನನ್ನ ಮಗ್ಗುಲಲ್ಲಿ ಕುಳಿತಿದ್ದರೆ ಹೀಗೆ ಹೇಳಬೇಕೆಂದಿರುವೆನು: "ಬರದೆ ಹೋಗಬಹುದಪ್ಪಾ. ಅದು ಅವರಿಗೂ ಗೊತ್ತು; ಗೊತ್ತಿದ್ದೇ ಹೊರಟಿರುವರು. ನಮಗೂ ಗೊತ್ತಿರಬೇಕು. ಬಾ, ಅವರು ಇಳಿಯುವವರೆಗೆ ಕೂಡಿ ಕಾಯೋಣ."